ಡ್ರಿಪ್ ಆದ್ರೆ ಸರಿ, ಮಾತ್ರೆ ಆದ್ರೆ ಇಲ್ಲ: ಕ್ಯಾನ್ಸರ್ ಔಷಧಕ್ಕೆ ಹೆಲ್ತ್ ಇನ್ಶೂರೆನ್ಸ್ ಕ್ಲೇಮ್, ಒಂದು ವರ್ಷದ ರಿವ್ಯೂ

5ಕ್ಕೆ 3 ಸ್ಟಾರ್ ಕೊಡ್ತಿದೀನಿ. ಮೊದಲ ನಾಲ್ಕು ತಿಂಗಳಿಗೆ ಮಾತ್ರ ಕೇಳಿದ್ರೆ 4 ಕೊಡ್ತಿದ್ದೆ, ಆಮೇಲಿನ ಆರು ತಿಂಗಳಿಗೆ ಕೇಳಿದ್ರೆ 1 ಕೊಡೋಕೂ ಕೈ ಬರ್ತಿರ್ಲಿಲ್ಲ, ಎರಡೂ ಸೇರಿಸಿ ಕೊನೆಗೆ ಹಣ ಬಂತಲ್ಲ ಅನ್ನೋ ಸಮಾಧಾನವನ್ನೂ ಹಾಕಿ 3. ಕಂಪನಿ ಹೆಸರು ಹಾಕಲ್ಲ, ಒಂದು ಕ್ಲೇಮ್ ಇನ್ನೂ ಅವರ ಹತ್ರಾನೇ ಇದೆ, ಅದೂ ಅಲ್ದೆ ಡೇ ಕೇರ್ ವಾರ್ಡಲ್ಲಿ (ಡ್ರಿಪ್ ಹಾಕಿಸ್ಕೊಂಡು ಅವತ್ತೇ ಮನೆಗೆ ಹೋಗೋ ವಾರ್ಡು) ಅಕ್ಕನ ಅಕ್ಕಪಕ್ಕ ಕೂತವರ ಕಥೆ ಕೇಳಿದ್ರೆ ಬೇರೆ ಬೇರೆ ಕಂಪನಿ ಆದ್ರೂ ಗೋಳು ಮಾತ್ರ ಒಂದೇ. ಹಾಗಾಗಿ ಇದು ಒಂದು ಕಂಪನಿ ರಿವ್ಯೂ ಅನ್ನೋದಕ್ಕಿಂತ ಕ್ಯಾನ್ಸರ್ ಔಷಧಕ್ಕೆ ಇನ್ಶೂರೆನ್ಸ್ ಅನ್ನೋ ಸರ್ವೀಸ್ ಹೇಗೆ ಕೆಲಸ ಮಾಡುತ್ತೆ, ಎಲ್ಲಿ ಕೈ ಕೊಡುತ್ತೆ ಅನ್ನೋದರ ರಿವ್ಯೂ ಅಂದ್ಕೊಳಿ.

ಅಕ್ಕನಿಗೆ ಸ್ತನ ಕ್ಯಾನ್ಸರ್. ಹರ್2 ಪಾಸಿಟಿವ್ (ಕ್ಯಾನ್ಸರ್ ಕಣದ ಮೇಲೆ ಹರ್2 ಅನ್ನೋ ಪ್ರೋಟೀನ್ ಜಾಸ್ತಿ ಇರೋದು), ಜೊತೆಗೆ ಹಾರ್ಮೋನ್ ಪಾಸಿಟಿವ್ (ದೇಹದ ಹಾರ್ಮೋನಿಂದ ಬೆಳೆಯೋದು). ಸ್ತನ ಕ್ಯಾನ್ಸರ್ ಬಂದವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ ಈ ಹರ್2 ಇರುತ್ತೆ, ಮೊದಲೆಲ್ಲ ಇದು ಬಹಳ ಕೆಟ್ಟ ಜಾತಿ ಅಂತಿದ್ರಂತೆ, 1998ರಲ್ಲಿ ಟ್ರಾಸ್ಟುಜುಮಾಬ್ ಅನ್ನೋ ಇಂಜೆಕ್ಷನ್ ಬಂದ ಮೇಲೆ ಕಥೆ ಬದಲಾಯ್ತು ಅಂತ ಡಾಕ್ಟ್ರು ಹೇಳಿದ್ರು. ಪ್ಲಾನ್ ಏನಂದ್ರೆ ಮೊದಲು ಆಪರೇಷನ್, ಆಮೇಲೆ ಮೂರು ವಾರಕ್ಕೊಂದರಂತೆ 6 ಸಲ ಕೀಮೋ (ಡೋಸಿಟಾಕ್ಸೆಲ್, ಕಾರ್ಬೋಪ್ಲಾಟಿನ್) ಅದರ ಜೊತೇಲೇ ಟ್ರಾಸ್ಟುಜುಮಾಬ್, ಕೀಮೋ ಮುಗಿದ ಮೇಲೂ ಟ್ರಾಸ್ಟುಜುಮಾಬ್ ಒಂದನ್ನೇ ಮೂರು ವಾರಕ್ಕೊಮ್ಮೆ ಕೊಡ್ತಾ ಹೋಗಿ ಒಟ್ಟು 18 ಡೋಸ್, ಅಂದ್ರೆ ಒಂದು ವರ್ಷ. ಕೀಮೋ ಮುಗಿದಾಗಿಂದ ಹಾರ್ಮೋನ್ ಮಾತ್ರೆ ಐದು ವರ್ಷ. ಇದನ್ನ ಯಾಕೆ ಇಷ್ಟು ಬಿಡಿಸಿ ಹೇಳ್ತಿದೀನಿ ಅಂದ್ರೆ ಡಾಕ್ಟರಿಗೆ ಇದು ಮೊದಲ ದಿನದಿಂದ ಕೊನೆವರೆಗೆ ಒಂದೇ ಟ್ರೀಟ್‌ಮೆಂಟು, ಇನ್ಶೂರೆನ್ಸಿನವರಿಗೆ ಮಾತ್ರ ಐದಾರು ಬೇರೆ ಬೇರೆ ವಸ್ತು. ನಮ್ಮ ವರ್ಷವೆಲ್ಲ ಈ ವ್ಯತ್ಯಾಸದ ಮಧ್ಯೆ ಓಡಾಡೋದರಲ್ಲೇ ಕಳೀತು.

ಮೊದಲು ಒಳ್ಳೇದು ಹೇಳ್ಬಿಡ್ತೀನಿ, ಇಲ್ಲಾಂದ್ರೆ ಅನ್ಯಾಯ ಆಗುತ್ತೆ. ಆಪರೇಷನ್ನಿಗೆ ಒಂದು ಪ್ರಶ್ನೇನೂ ಇಲ್ದೆ ಅಪ್ರೂವಲ್ ಬಂತು. ಮೊದಲ ಕೀಮೋಗೂ ಹಾಗೇ, ಬೆಳಗ್ಗೆ ಆಸ್ಪತ್ರೆಯವರು ಪೇಪರ್ ಕಳ್ಸಿದ್ರು, ಮಧ್ಯಾಹ್ನದ ಹೊತ್ತಿಗೆ ಮಂಜೂರಾತಿ. ಭಾವ "ನೋಡು, ಇಷ್ಟು ವರ್ಷ ಪ್ರೀಮಿಯಂ ಕಟ್ಟಿದ್ದು ಸಾರ್ಥಕ ಆಯ್ತು" ಅಂದ್ರು. ನಮಗೆ ಅಂತ ಒಬ್ಬ ಕೇಸ್ ಮ್ಯಾನೇಜರ್ ಹುಡುಗೀನ ಕೊಟ್ಟಿದ್ರು, ಅವಳ ಹೆಸರು ಹಾಕಲ್ಲ, ಆದ್ರೆ ಆ 3 ಸ್ಟಾರಲ್ಲಿ ಒಂದೂವರೆ ಅವಳದ್ದೇ. ಫೋನ್ ಮಾಡಿದ್ರೆ ಎತ್ತೋಳು, ಯಾವ ಪೇಪರ್ ಮಿಸ್ ಆಗಿದೆ ಅಂತ ನೇರವಾಗಿ ಹೇಳೋಳು, "ಸಾರ್, ಕಾಲ್ ಸೆಂಟರಿಗೆ ಮಾಡ್ಬೇಡಿ ನಂಗೇ ಮಾಡಿ" ಅನ್ನೋಳು. ನಾಲ್ಕನೇ ತಿಂಗಳು ಅವಳನ್ನ ಬೇರೆ ವಿಭಾಗಕ್ಕೆ ಹಾಕಿದ್ರು. ಅಲ್ಲಿಂದ ನಮ್ಮ ಗ್ರಹಚಾರ ಶುರು.

ಪೇಪರ್ ವಿಷಯ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಅರ್ಧ ತಲೆನೋವು ಅಲ್ಲೇ ಇರೋದು. ಟಾರ್ಗೆಟೆಡ್ ಔಷಧ ಅಂದ್ರೆ ಗೆಡ್ಡೆಯಲ್ಲಿ ಆ ಟಾರ್ಗೆಟ್ ಇದೆ ಅಂತ ಪ್ರೂಫ್ ಬೇಕು, ಅದು ಸರೀನೇ, ಅದನ್ನ ತಪ್ಪು ಅನ್ನಲ್ಲ. ಹರ್2ಗೆ ಐಎಚ್‌ಸಿ ಅಂತ ಟೆಸ್ಟ್, 0ಯಿಂದ 3+ವರೆಗೆ ಅಂಕ, 3+ ಬಂದ್ರೆ ಪಾಸಿಟಿವ್, 2+ ಬಂದ್ರೆ ಅನುಮಾನ, ಅದಕ್ಕೆ ಫಿಶ್ ಅಂತ ಇನ್ನೊಂದು ಟೆಸ್ಟ್ ಮಾಡಿಸ್ಬೇಕು. ಅಕ್ಕನದು ಮೊದಲ ಬಯಾಪ್ಸಿಯಲ್ಲಿ 2+, ಫಿಶ್ ಪಾಸಿಟಿವ್. ಆಸ್ಪತ್ರೆಯವರು ಐಎಚ್‌ಸಿ ರಿಪೋರ್ಟ್ ಮಾತ್ರ ಅಟ್ಯಾಚ್ ಮಾಡಿ ಫಿಶ್ ಬಿಟ್ಟಿದ್ರು. ಎರಡನೇ ಸೈಕಲ್ಲಿಗೆ (ಅಂದ್ರೆ ಎರಡನೇ ಸಲದ ಕೀಮೋಗೆ) ಇನ್ಶೂರೆನ್ಸಿನವರಿಂದ ಕ್ವೆರಿ ಬಂತು, ನಾಲ್ಕು ದಿನ ಹೋಯ್ತು. ಅದಾದ್ಮೇಲೆ ಇನ್ನೊಂದು ಕ್ವೆರಿ ನೋಡಿ ನಂಗೆ ನಗೋದೋ ಅಳೋದೋ ಗೊತ್ತಾಗ್ಲಿಲ್ಲ, ಬಯಾಪ್ಸಿ ರಿಪೋರ್ಟಲ್ಲಿ ಎಡ ಅಂತಿದೆ, ಯಾವುದೋ ಒಂದು ಸ್ಕ್ಯಾನ್ ರಿಕ್ವೆಸ್ಟ್ ಚೀಟಿಯಲ್ಲಿ ಜೂನಿಯರ್ ಡಾಕ್ಟ್ರು ಬಲ ಅಂತ ಬರೆದುಬಿಟ್ಟಿದಾರೆ, "ಯಾವ ಕಡೆ ಅಂತ ಸ್ಪಷ್ಟಪಡಿಸಿ". ಆಪರೇಷನ್ನಿಗೆ ಅವರೇ ದುಡ್ಡು ಕೊಟ್ಟಿದಾರೆ ಸ್ವಾಮಿ, ಯಾವ ಕಡೆ ಕೊಯ್ದಿದ್ದು ಅಂತ ಅವರ ಫೈಲಲ್ಲೇ ಇದೆ! ಆದ್ರೆ ವಾದ ಮಾಡಿ ಪ್ರಯೋಜನ ಇಲ್ಲ, ಡಾಕ್ಟರ್ ಹತ್ರ ಒಂದು ಸಾಲಿನ ತಿದ್ದುಪಡಿ ಪತ್ರ ಸೀಲ್ ಹಾಕಿಸಿ ಕಳ್ಸಿದ್ರೆ ಮುಗೀತು. ಆವತ್ತಿಂದ ನಾನು ಆಸ್ಪತ್ರೆಯಿಂದ ಏನೇ ಪೇಪರ್ ಹೊರಗೆ ಬಂದ್ರೂ ಕೌಂಟರ್ ಬಿಡೋ ಮುಂಚೆ ಹೆಸರು, ವಯಸ್ಸು, ಎಡ ಬಲ, ತಾರೀಖು, ಕಾಯಿಲೆಯ ಕೋಡ್ ಅಷ್ಟೂ ಓದ್ತೀನಿ. ಕೋಡ್ ಅಂದ್ರೆ ಐಸಿಡಿ, ಸ್ತನ ಕ್ಯಾನ್ಸರಿಗೆ ಸಿ50 ಅಂತ ಶುರುವಾಗುತ್ತೆ, ಕೀಮೋಗೆ ಬಂದಿದ್ದು ಅನ್ನೋದಕ್ಕೆ ಝೆಡ್51.1. ಒಂದು ಸಲ ಬಿಲ್ಲಿಂಗಿನವರು ಬರೀ "ಫಾಲೋ ಅಪ್" ಅನ್ನೋ ಕೋಡ್ ಹಾಕಿ ಕಳ್ಸಿದ್ರು, ಕೀಮೋ ಬಿಲ್ಲೇ ವಾಪಸ್ ಬಂತು.

ಬಯೋಸಿಮಿಲರ್ ವಿಷಯದಲ್ಲಿ ಕಂಪನಿ ಪರವಾಗೇ ಮಾತಾಡ್ತೀನಿ, ಯಾರಾದ್ರೂ ಬೈದ್ರೂ ಸರಿ. ಅವರು ಮೂಲ ಬ್ರ್ಯಾಂಡ್ ಬೇಡ, ಬಯೋಸಿಮಿಲರ್ (ಬೇರೆ ಕಂಪನಿಯವರು ಮಾಡೋ ಅದೇ ಥರದ ಔಷಧ) ಕೊಡಿ ಅಂದ್ರು. ಭಾವನಿಗೆ ಸಿಟ್ಟು ಬಂತು, ಅಗ್ಗದ್ದು ಕೊಟ್ಟು ಸಾಗಹಾಕ್ತಿದಾರೆ ಅಂತ. ಡಾಕ್ಟ್ರು ಕೂರಿಸಿ ಹೇಳಿದ್ರು, ಇದು ಕಲಬೆರಕೆ ಮಾಲಲ್ಲ, ಮೂಲ ಔಷಧದ ಜೊತೆ ಹೋಲಿಸಿ ಟ್ರಯಲ್ ಮಾಡಿ ತೋರಿಸಿದ ಮೇಲೇ ಅಪ್ರೂವ್ ಆಗೋದು, ವಿಶ್ವ ಆರೋಗ್ಯ ಸಂಸ್ಥೆಯವರು 2015ರಲ್ಲಿ ಟ್ರಾಸ್ಟುಜುಮಾಬನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿ, 2019ರಲ್ಲಿ ಇದರ ಬಯೋಸಿಮಿಲರನ್ನೂ ಮಾನ್ಯ ಮಾಡಿದಾರೆ ಅಂತ. ಪಾಲಿಸಿಗೆ ವರ್ಷಕ್ಕೆ ಇಷ್ಟೇ ಅಂತ ಒಂದು ಮಿತಿ ಇರುತ್ತಲ್ಲ, ಅದರಲ್ಲಿ ಔಷಧದ ಪಾಲು ಕಡಿಮೆ ಆದ್ರೆ ಉಳಿಯೋದು ನಮಗೇ. ಈ ಲೆಕ್ಕ ಅರ್ಥ ಆದ್ಮೇಲೆ ಭಾವ ಸುಮ್ಮನಾದ್ರು. ನಿಮ್ಮ ಡಾಕ್ಟ್ರು ಒಪ್ಪಿದ್ರೆ ಇಂಥ ಕಡೆ ಜಗಳ ಮಾಡ್ಬೇಡಿ, ಶಕ್ತಿ ಉಳಿಸ್ಕೊಳಿ, ಮುಂದೆ ಬೇಕಾಗುತ್ತೆ.

ಮರುದಿನದ ಇಂಜೆಕ್ಷನ್ ಕಥೆ. ಕೀಮೋದಿಂದ ಬಿಳಿ ರಕ್ತಕಣ ಕುಸಿದು ಜ್ವರ ಬಂದ್ರೆ ಐಸಿಯು ತನಕ ಹೋಗ್ಬಹುದು, ಅದಕ್ಕೆ ಪೆಗ್‌ಫಿಲ್‌ಗ್ರಾಸ್ಟಿಮ್ ಅಂತ ಒಂದು ಇಂಜೆಕ್ಷನ್ ಕೊಡ್ತಾರೆ, ಅದನ್ನ ಕೀಮೋ ದಿನಾನೇ ಕೊಡಂಗಿಲ್ಲ, 24 ಗಂಟೆ ಕಳೀಬೇಕು. ಹಾಗಾಗಿ ಮರುದಿನ ಹೋಗಿ ಚುಚ್ಚಿಸ್ಕೊಂಡು ಬರೋದು, ಐದು ನಿಮಿಷದ ಕೆಲಸ. ಇನ್ಶೂರೆನ್ಸಿನವರ ಪ್ರಕಾರ ಆ ದಿನ ಅಡ್ಮಿಷನ್ ಇಲ್ಲ, ಕೀಮೋ ಇಲ್ಲ, ಆದ್ದರಿಂದ ಅದು ಓಪಿಡಿ, ಕವರ್ ಇಲ್ಲ. ಅದೇ ಇಂಜೆಕ್ಷನ್ ತಗೊಳ್ದೆ ಜ್ವರ ಬಂದು ವಾರ ಅಡ್ಮಿಟ್ ಆಗಿದ್ರೆ ಅಷ್ಟೂ ಕವರ್! ಇದನ್ನ ಕಾಲ್ ಸೆಂಟರ್ ಹುಡುಗನಿಗೆ ಹೇಳಿದೆ, ಅವನು ಪಾಪ "ಹೌದು ಸಾರ್, ಪಾಲಿಸಿ ಹಾಗಿದೆ ಸಾರ್" ಅಂದ. ಪರಿಹಾರ ಹೇಳಿಕೊಟ್ಟಿದ್ದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನ ಒಬ್ಬ ಹಿರಿಯರು. ಕೀಮೋದ ಪ್ರೀ ಆಥರೈಸೇಶನ್ (ಮುಂಚಿತ ಮಂಜೂರಾತಿ) ಕೇಳುವಾಗಲೇ ಎರಡನೇ ದಿನದ ಇಂಜೆಕ್ಷನ್ನೂ ಇದೇ ಸೈಕಲ್ಲಿನ ಭಾಗ ಅಂತ ಡಾಕ್ಟರ ಪ್ರೋಟೋಕಾಲ್ ಶೀಟಲ್ಲಿ ಬರೆಸಿ ಒಟ್ಟಿಗೇ ಕೇಳಬೇಕಂತೆ. ಮೂರನೇ ಸೈಕಲ್ಲಿಂದ ಹಾಗೇ ಮಾಡಿದ್ವಿ, ಒಂದು ಸಲಾನೂ ತಿರಸ್ಕಾರ ಆಗ್ಲಿಲ್ಲ. ಮೊದಲ ಎರಡರದ್ದು ಹೋಯ್ತು, ಬಿಟ್ಟಾಕಿದ್ವಿ.

ಎಕೋ ತಮಾಷೆ ಇನ್ನೊಂದು. ಟ್ರಾಸ್ಟುಜುಮಾಬ್ ಹೃದಯದ ಪಂಪಿಂಗ್ ಮೇಲೆ ಪರಿಣಾಮ ಮಾಡ್ಬಹುದು, ಅದಕ್ಕೆ ಮೂರು ತಿಂಗಳಿಗೊಮ್ಮೆ ಎಕೋ ಮಾಡ್ಸಿ ಪಂಪಿಂಗ್ ಎಷ್ಟು ಪರ್ಸೆಂಟ್ ಅಂತ ನೋಡ್ತಾರೆ. ಇನ್ಶೂರೆನ್ಸಿನವರು ಎಕೋ ರಿಪೋರ್ಟ್ ಇಲ್ದೆ ಮುಂದಿನ ಡೋಸ್ ಅಪ್ರೂವ್ ಮಾಡಲ್ಲ ಅಂತಾರೆ. ಆ ಎಕೋಗೆ ದುಡ್ಡು ಕೊಡಿ ಅಂದ್ರೆ ಅದು ಬರೀ ಪರೀಕ್ಷೆ, ಚಿಕಿತ್ಸೆ ಅಲ್ಲ ಅಂತಾರೆ. ಇದಕ್ಕೆ ಉತ್ತರ ನನ್ನ ಹತ್ರ ಇಲ್ಲ, ವರ್ಷಪೂರ್ತಿ ಕೈಯಿಂದಾನೇ ಕೊಟ್ವಿ.

ಈಗ ಆ 1 ಸ್ಟಾರಿನ ಭಾಗಕ್ಕೆ ಬರ್ತೀನಿ.

ಆರನೇ ಕೀಮೋ ಮುಗೀತು. ಅಕ್ಕ ಆವತ್ತು ಮನೆಗೆ ಬಂದು ಕನ್ನಡಿ ನೋಡ್ಕೊಂಡು "ಇನ್ನು ಕೂದ್ಲು ಬರುತ್ತೆ ಕಣೋ" ಅಂದ್ಲು. ಏಳನೇ ಡೋಸ್, ಟ್ರಾಸ್ಟುಜುಮಾಬ್ ಮಾತ್ರ, ಮೂರು ವಾರ ಆದ್ಮೇಲೆ. ಹಿಂದಿನ ದಿನ ಸಾಯಂಕಾಲ ಮೆಸೇಜ್: ನಿಮ್ಮ ಮನವಿ ತಿರಸ್ಕೃತವಾಗಿದೆ, ಕೀಮೋಥೆರಪಿ ಪೂರ್ಣಗೊಂಡಿದೆ, ಕೋರಿರುವುದು ಮೇಂಟೆನೆನ್ಸ್ ಚಿಕಿತ್ಸೆ, ಪಾಲಿಸಿಯ ಇಂಥ ಕಲಮಿನಡಿ ಇದು ಬರುವುದಿಲ್ಲ. ರಾತ್ರಿ ಎಂಟು ಗಂಟೆಗೆ ಯಾರಿಗೆ ಫೋನ್ ಮಾಡೋದು. ಭಾವ ಹೇಗೋ ದುಡ್ಡು ಹೊಂದಿಸಿದ್ರು, ಡೋಸ್ ತಪ್ಪಿಸ್ಲಿಲ್ಲ. ತಪ್ಪಿಸ್ಬಾರದು ಕೂಡ, ಒಂದು ವಾರಕ್ಕಿಂತ ಹೆಚ್ಚು ತಡ ಆದ್ರೆ ಮತ್ತೆ ಮೊದಲ ಸಲದ ಹಾಗೆ ದೊಡ್ಡ ಡೋಸಿಂದ ಶುರು ಮಾಡ್ಬೇಕು, ಕೆಜಿಗೆ 6 ಮಿಲಿಗ್ರಾಂ ಬದಲು 8 ಮಿಲಿಗ್ರಾಂ. ಅಂದ್ರೆ ಇವರು ಎಳೆದಾಡಿದಷ್ಟೂ ಇವರದ್ದೇ ಖರ್ಚು ಜಾಸ್ತಿ, ಆದ್ರೆ ತಿರಸ್ಕಾರದ ಪತ್ರ ಟೈಪ್ ಮಾಡೋರಿಗೆ ಅದು ಯಾಕೆ ಬೇಕು.

ಈ ಮೇಂಟೆನೆನ್ಸ್ ಅನ್ನೋ ಪದ ಎಲ್ಲಿಂದ ಬಂತು ಅಂತ ನಾನು ಎರಡು ದಿನ ಫೈಲ್ ಹರಡ್ಕೊಂಡು ಕೂತೆ. ಸಿಕ್ತು. ನಮ್ಮ ಡಾಕ್ಟ್ರೇ ಬರೆದಿದ್ರು! ಮೊದಲ ದೊಡ್ಡ ಡೋಸಿಗೆ ಲೋಡಿಂಗ್ ಡೋಸ್ ಅಂತಾರೆ, ಆಮೇಲಿನ 6 ಮಿಲಿಗ್ರಾಮಿನದಕ್ಕೆ ಮೇಂಟೆನೆನ್ಸ್ ಡೋಸ್ ಅಂತಾರೆ, ಔಷಧದ ಜೊತೆ ಬರೋ ಕಾಗದದಲ್ಲೇ ಆ ಪದ ಇದೆ, ಅದು ಬರೀ ಪ್ರಮಾಣಕ್ಕೆ ಇಟ್ಟ ಹೆಸರು. ಎರಡನೇ ಸೈಕಲ್ಲಿಂದ ಆರನೇದವರೆಗೂ ಅದೇ ಮೇಂಟೆನೆನ್ಸ್ ಡೋಸೇ ಹೋಗಿದ್ದು, ಜೊತೆಗೆ ಕೀಮೋ ಇತ್ತು ಅಂತ ಯಾರೂ ಕಣ್ಣಿಟ್ಟು ನೋಡಿರ್ಲಿಲ್ಲ. ಕೀಮೋ ಹೋದ ತಕ್ಷಣ ಆ ಪದ ಒಂಟಿಯಾಗಿ ಕಾಣಿಸ್ತು, ಇವರ ಪಾಲಿಸಿಯಲ್ಲಿ ಮೇಂಟೆನೆನ್ಸ್ ಅಂದ್ರೆ ಕಾಯಿಲೆ ವಾಸಿ ಆದ್ಮೇಲೆ ಸುಮ್ಮನೆ ಮುಂದುವರಿಸೋದು ಅನ್ನೋ ಅರ್ಥ, ಅಲ್ಲಿಗೆ ಟಿಕ್ ಹಾಕಿ ಮುಗಿಸಿದ್ರು.

ಅಪೀಲ್ ಹಾಕಿದ್ವಿ. ಹೇಗೆ ಅಂದ್ರೆ ಮೊದಲು ಬರವಣಿಗೆಯಲ್ಲಿ ಪೂರ್ತಿ ಕಾರಣ ಕೇಳಿ ತರಿಸ್ಕೊಂಡ್ವಿ, ಯಾವ ಕಲಮು, ಯಾವ ಶಬ್ದ, ನೋಡಿದ ಡಾಕ್ಟ್ರು ಯಾವ ವಿಭಾಗದವರು ಅಂತ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಬರೆದು ಕೊಡಿ ಅನ್ಬೇಕು. ನೋಡಿದ್ರೆ ಆ ಮೆಡಿಕಲ್ ಆಫೀಸರ್ ಕ್ಯಾನ್ಸರ್ ಡಾಕ್ಟರೇ ಅಲ್ಲ. ಕ್ಯಾನ್ಸರ್ ತಜ್ಞರೇ ನೋಡ್ಬೇಕು ಅಂತ ಕೇಳಿದ್ವಿ. ಆಮೇಲೆ ನಮ್ಮ ಡಾಕ್ಟರ ಹತ್ರ ಹೊಸ ಪತ್ರ. ಹಳೇ ಪತ್ರ ಎರಡು ಸಾಲು ಇತ್ತು, "ರೋಗಿಗೆ ಟ್ರಾಸ್ಟುಜುಮಾಬ್ ಮೇಂಟೆನೆನ್ಸ್ ಸಲಹೆ ಮಾಡಲಾಗಿದೆ" ಅಂತ. ಹೊಸದರಲ್ಲಿ ಯಾವ ಹಂತದ ಕ್ಯಾನ್ಸರ್, ಕಂಕುಳ ಗ್ರಂಥಿಗೆ ಹರಡಿದ್ದು, ಫಿಶ್ ಫಲಿತಾಂಶ, ಆಪರೇಷನ್ ತಾರೀಖು, ಇದು ಆಪರೇಷನ್ ನಂತರ ಕಾಯಿಲೆ ವಾಪಸ್ ಬರದ ಹಾಗೆ ಕೊಡೋ ಅಡ್ಜುವಂಟ್ ಚಿಕಿತ್ಸೆ, ಮೊದಲೇ ಯೋಜಿಸಿದ 18ರಲ್ಲಿ 7ನೇ ಡೋಸ್, ನಿಲ್ಲಿಸಿದ್ರೆ ಏನಾಗುತ್ತೆ, ಯಾವ ಗೈಡ್‌ಲೈನಲ್ಲಿದೆ, ಇಷ್ಟೂ ಇತ್ತು. ಮೇಂಟೆನೆನ್ಸ್ ಅನ್ನೋ ಪದ ಒಂದೂ ಇಲ್ಲ. ಪತ್ರದ ಡ್ರಾಫ್ಟ್ ನಾನೇ ಮಾಡ್ಕೊಂಡು ಹೋಗಿದ್ದೆ, ಡಾಕ್ಟ್ರು ತಿದ್ದಿ ಸೈನ್ ಹಾಕಿದ್ರು. ಅವರಿಗೆ ದಿನಕ್ಕೆ ಅಷ್ಟು ಜನ ಪೇಷೆಂಟು, ಖಾಲಿ ಹಾಳೆ ಕೊಟ್ಟು ಬರೀರಿ ಅಂದ್ರೆ ಎರಡೇ ಸಾಲು ಬರೋದು, ತಪ್ಪು ಅವರದ್ದೂ ಅಲ್ಲ. ಡ್ರಾಫ್ಟ್ ತಗೊಂಡ್ಹೋದ್ರೆ ಬೇಜಾರು ಮಾಡ್ಕೋತಾರೇನೋ ಅಂತ ಹೆದರಿದ್ದೆ, ಉಲ್ಟಾ ಖುಷಿ ಪಟ್ರು.

ಎರಡು ವಾರ ಆದ್ಮೇಲೆ ಡಾಕ್ಟರಿಂದ ಡಾಕ್ಟರಿಗೆ ಫೋನ್ ಅಂತ ಟೈಮ್ ಕೊಟ್ರು. ನಮ್ಮ ಡಾಕ್ಟ್ರು ಓಪಿಡಿ ಮಧ್ಯ ಹತ್ತು ನಿಮಿಷ ಎದ್ದು ಹೋಗಿ ಮಾತಾಡಿದ್ರು, ಆಮೇಲೆ ನಮಗೆ ಹೇಳಿದ್ರು. ಆ ಕಡೆ ಈ ಸಲ ನಿಜವಾದ ಕ್ಯಾನ್ಸರ್ ತಜ್ಞರು ಕೂತಿದ್ರಂತೆ, ಒಳ್ಳೆ ಪ್ರಶ್ನೇನೇ ಕೇಳಿದ್ರಂತೆ, 2019ರಲ್ಲಿ ಪ್ರಕಟವಾದ ಪರ್ಸೆಫೊನಿ ಟ್ರಯಲಲ್ಲಿ ಸುಮಾರು 4,000 ಜನರ ಮೇಲೆ ನೋಡಿ 6 ತಿಂಗಳು ಕೊಟ್ರೂ 12 ತಿಂಗಳಿಗಿಂತ ಕಡಿಮೆ ಏನಿಲ್ಲ ಅಂತ ಬಂದಿದೆಯಲ್ಲ, ನೀವ್ಯಾಕೆ ಒಂದು ವರ್ಷ ಅಂತೀರಿ ಅಂತ. ನಮ್ಮವರು, ಹೌದು ಬಂದಿದೆ, ಆದ್ರೆ ಗೈಡ್‌ಲೈನ್‌ಗಳಲ್ಲಿ ಇವತ್ತಿಗೂ ಒಂದು ವರ್ಷವೇ ಸ್ಟ್ಯಾಂಡರ್ಡ್, ಈಕೆಗೆ ಗ್ರಂಥಿಯಲ್ಲಿ ಹರಡಿದೆ, ಕಮ್ಮಿ ಮಾಡೋ ರಿಸ್ಕ್ ನಾನು ತಗೊಳ್ಳಲ್ಲ, ಹೆರಾ ಟ್ರಯಲಲ್ಲಿ 2 ವರ್ಷ ಕೊಟ್ರೆ 1 ವರ್ಷಕ್ಕಿಂತ ಹೆಚ್ಚು ಲಾಭ ಇಲ್ಲ ಅಂತ ಬಂದಿದೆ ಹಾಗಾಗಿ ಒಂದು ವರ್ಷಕ್ಕಿಂತ ಜಾಸ್ತೀನೂ ಕೇಳಲ್ಲ ಅಂದ್ರಂತೆ. ಮುಗೀತು. ಮೂರನೇ ದಿನ ಅಪ್ರೂವಲ್, ಕೈಯಿಂದ ಕೊಟ್ಟಿದ್ದ 7 ಮತ್ತು 8ನೇ ಡೋಸಿನ ದುಡ್ಡೂ ವಾಪಸ್ ಬಂತು. ಇಬ್ಬರು ತಿಳಿದವರು ಹತ್ತು ನಿಮಿಷ ಮಾತಾಡಿದ್ರೆ ಮುಗಿಯೋ ವಿಷಯಕ್ಕೆ ಐದು ವಾರ, ಹದಿನೇಳು ಇಮೇಲು, ಭಾವನ ಬಿಪಿ ಮಾತ್ರೆ ಡೋಸ್ ಡಬಲ್.

ಹನ್ನೊಂದನೇ ಡೋಸಿನ ಹೊತ್ತಿಗೆ ಇನ್ನೊಂದು. ಕೀಮೋಗೆ ಅಂತ ತೋಳಿನ ನರದೊಳಗೆ ಹಾಕಿ ಬಿಟ್ಟಿದ್ದ ಪಿಕ್ ಲೈನ್ ಅನ್ನೋ ಸಣ್ಣ ಕೊಳವೆ ಇನ್‌ಫೆಕ್ಷನ್ ಆಗಿ ತೆಗ್ದಿದ್ರು, ಕೈಯ ನರ ಎಲ್ಲ ಗಟ್ಟಿಯಾಗಿ ನರ್ಸುಗಳು ಮೂರ್ಮೂರು ಸಲ ಚುಚ್ಚೋರು, ಅಕ್ಕ ಹಿಂದಿನ ರಾತ್ರಿಯಿಂದಾನೇ ಕೈ ಮುಚ್ಕೊಂಡು ಮಲಗೋಳು. ಡಾಕ್ಟ್ರು ಹೇಳಿದ್ರು, ಇದೇ ಔಷಧ ತೊಡೆಗೆ ಚರ್ಮದಡಿ ಕೊಡೋ ರೂಪದಲ್ಲೂ ಇದೆ, ತೂಕದ ಲೆಕ್ಕ ಇಲ್ಲ, ಎಲ್ಲರಿಗೂ 600 ಮಿಲಿಗ್ರಾಂ, ಎರಡರಿಂದ ಐದು ನಿಮಿಷ ಸಾಕು ಅಂತ. ಪ್ರೀ ಆಥ್ ಹಾಕಿದ್ವಿ. ಇಲ್ಲ! ಡ್ರಿಪ್ ಆದ್ರೆ ಡೇ ಕೇರ್ ಚಿಕಿತ್ಸೆ, ಕವರ್ ಇದೆ. ಚರ್ಮದಡಿ ಚುಚ್ಚಿದ್ರೆ ಅದು ಇಂಜೆಕ್ಷನ್, ಓಪಿಡಿ, ಕವರ್ ಇಲ್ಲ. ಅದೇ ಔಷಧ, ಅದೇ ಕಾಯಿಲೆ, ಅದೇ ಹೆಂಗಸು. ಮತ್ತೆ ಅಪೀಲ್, ಈ ಸಲ ಅಭ್ಯಾಸ ಆಗಿತ್ತು, ನರ ಸಿಗ್ತಿಲ್ಲ ಅನ್ನೋದಕ್ಕೆ ನರ್ಸಿಂಗ್ ನೋಟ್ಸ್ ಕಾಪಿ, ಎಷ್ಟು ಸಲ ಚುಚ್ಚಿದ್ದು ಅನ್ನೋ ಎಂಟ್ರಿ ಸಮೇತ ಹಾಕಿದ್ವಿ, ಇಂಜೆಕ್ಷನ್ ಆದ್ಮೇಲೂ ಆಸ್ಪತ್ರೆಯಲ್ಲಿ ಕೂರಿಸಿ ನಿಗಾ ಇಡ್ತಾರೆ ಅಂತ ಡಾಕ್ಟ್ರ ಹತ್ರ ಬರೆಸಿದ್ವಿ. 13ನೇ ಡೋಸಿಂದ ಒಪ್ಪಿದ್ರು. ನಡುವಿನ ಎರಡು ಡೋಸ್ ಅಕ್ಕ ಕಣ್ಣು ಮುಚ್ಕೊಂಡು ಡ್ರಿಪ್ಪಲ್ಲೇ ತಗೊಂಡ್ಲು.

ಔಷಧ ದೇಹಕ್ಕೆ ಯಾವ ದಾರಿಯಲ್ಲಿ ಹೋಗುತ್ತೆ ಅನ್ನೋದರ ಮೇಲೆ ದುಡ್ಡು ನಿಂತಿದೆ ಅನ್ನೋದು ನಂಗೆ ಆವಾಗ ಪೂರ್ತಿ ಅರ್ಥ ಆಯ್ತು. ವಾರ್ಡಲ್ಲಿ ಪಕ್ಕದ ಕುರ್ಚಿಯಲ್ಲಿ ಒಬ್ಬ ಹಿರಿಯರು ಬರ್ತಿದ್ರು, ದೊಡ್ಡ ಕರುಳಿನ ಕ್ಯಾನ್ಸರ್. ಅವರಿಗೆ ಮೊದಲು 5ಎಫ್‌ಯು ಅನ್ನೋ ಔಷಧ ಪಂಪಲ್ಲಿ ಕೊಡ್ತಿದ್ರು, ಇನ್ಶೂರೆನ್ಸ್ ಕೊಡ್ತಿತ್ತು. ಆಮೇಲೆ ಕೆಪೆಸಿಟಬಿನ್ ಮಾತ್ರೆಗೆ ಬದಲಾಯಿಸಿದ್ರು, ಅದು ನುಂಗಿದ ಮೇಲೆ ದೇಹದೊಳಗೆ ಅದೇ 5ಎಫ್‌ಯು ಆಗಿ ಬದಲಾಗುತ್ತೆ, ಮನೇಲಿ ಕೂತು ತಗೋಬಹುದು, ಬೆಡ್ ಬೇಡ ನರ್ಸ್ ಬೇಡ. ಇನ್ಶೂರೆನ್ಸ್ ನಿಂತೋಯ್ತು. ಆ ಯಜಮಾನ್ರು "ನಂಗೆ ಹುಷಾರಾದಷ್ಟೂ ಇವರಿಗೆ ನನ್ನ ಮೇಲೆ ಪ್ರೀತಿ ಕಮ್ಮಿ ಆಗುತ್ತೆ ಕಣಪ್ಪಾ" ಅಂತ ನಗೋರು. 2001ರಲ್ಲಿ ಇಮಾಟಿನಿಬ್ ಅನ್ನೋ ಮಾತ್ರೆ ಬಂದಾಗಿನಿಂದ ಎಷ್ಟೋ ಕ್ಯಾನ್ಸರಿಗೆ ಮಾತ್ರೆಯೇ ಮುಖ್ಯ ಚಿಕಿತ್ಸೆ ಆಗಿದೆ, ರಕ್ತದ ಕ್ಯಾನ್ಸರಿನ ಒಂದು ವಿಧಕ್ಕೆ ದಿನಾ ಒಂದು ಮಾತ್ರೆ ನುಂಗಿ ವರ್ಷಗಟ್ಟಲೆ ಆರಾಮಾಗಿರೋರು ಇದಾರೆ, ಶ್ವಾಸಕೋಶದ ಕೆಲವು ಕ್ಯಾನ್ಸರಿಗೂ ಮಾತ್ರೆ. ಪಾಲಿಸಿಗಳು ಮಾತ್ರ ಕ್ಯಾನ್ಸರ್ ಅಂದ್ರೆ ಹಾಸಿಗೆ, ಡ್ರಿಪ್ ಸ್ಟ್ಯಾಂಡು ಅಂತಾನೇ ಅಂದ್ಕೊಂಡು ಬರೆದಂಗಿವೆ. ಕೆಲವದರಲ್ಲಿ ಮಾತ್ರೆ ಕೀಮೋ ಕವರ್ ಇದೆ ಅಂತ ದೊಡ್ಡದಾಗಿ ಹಾಕಿರ್ತಾರೆ, ಒಳಗೆ ಹುಡುಕಿದ್ರೆ ಒಟ್ಟು ಮೊತ್ತದ ಇಷ್ಟು ಭಾಗ ಮಾತ್ರ ಅಂತ ಒಂದು ಮಿತಿ ಇರುತ್ತೆ, ಇಮ್ಯುನೋಥೆರಪಿಗೂ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ತಿರುಗಿಸೋ ಔಷಧ) ಹಾಗೇ ಬೇರೆ ಮಿತಿ. ಪಾಲಿಸಿ ತಗೊಳ್ಳೋ ಮುಂಚೆ ಈ ಎರಡು ಸಾಲು ಹುಡುಕಿ ಓದಿ, ಬ್ರೋಷರ್ ಅಲ್ಲ, ಪಾಲಿಸಿ ವರ್ಡಿಂಗ್ ಅಂತ ಸಣ್ಣ ಅಕ್ಷರದ ಪುಸ್ತಕ ಇರುತ್ತಲ್ಲ ಅದು.

ಇನ್ನೊಬ್ಬ ತಾಯಿ ಮಗಳು ಬರ್ತಿದ್ರು, ಅವರದ್ದು ಆಫ್ ಲೇಬಲ್ ಸಮಸ್ಯೆ. ಔಷಧಕ್ಕೆ ಒಂದು ಕ್ಯಾನ್ಸರಿಗೆ ಲೈಸೆನ್ಸ್ ಇದೆ, ಡಾಕ್ಟ್ರು ಇನ್ನೊಂದು ಅಪರೂಪದ ಕ್ಯಾನ್ಸರಿಗೆ ಕೊಡ್ತಿದಾರೆ, ಇನ್ಶೂರೆನ್ಸಿನವರು ಇದು ಪ್ರಯೋಗ ಅಂದ್ಬಿಟ್ರು. ಕ್ಯಾನ್ಸರಿನಲ್ಲಿ ಹೀಗೆ ಕೊಡೋದು ಏನೂ ಅಪರೂಪ ಅಲ್ಲ, ಆದ್ರೆ ಕ್ಲೇಮ್ ಗೆಲ್ಲಬೇಕಂದ್ರೆ ಎನ್‌ಸಿಸಿಎನ್, ಎಸ್ಮೋ ಥರದ ಅಂತರರಾಷ್ಟ್ರೀಯ ಕ್ಯಾನ್ಸರ್ ತಜ್ಞರ ಸಂಸ್ಥೆಗಳ ಗೈಡ್‌ಲೈನಲ್ಲಿ ಆ ಬಳಕೆ ಇದೆ ಅಂತ ಪುಟ ಸಮೇತ ತೋರಿಸ್ಬೇಕು, ಟ್ಯೂಮರ್ ಬೋರ್ಡಲ್ಲಿ ನಾಲ್ಕು ಜನ ಡಾಕ್ಟ್ರು ಕೂತು ಒಪ್ಪಿದಾರೆ ಅನ್ನೋ ನೋಟ್ ಇದ್ರೆ ಇನ್ನೂ ಗಟ್ಟಿ. ಅವರದ್ದು ಕಂಪನಿ ಒಳಗಿನ ಅಪೀಲಲ್ಲಿ ಸೋತು, ಹೊರಗಿನ ಸ್ವತಂತ್ರ ದೂರು ಪ್ರಾಧಿಕಾರಕ್ಕೆ ಹೋದ್ರು. ಅಲ್ಲಿವರೆಗೆ ಔಷಧ ಕಂಪನಿಯ ಪೇಷೆಂಟ್ ಸಪೋರ್ಟ್ ಪ್ರೋಗ್ರಾಮಿಂದ ಕೆಲವು ಡೋಸ್ ಸಿಕ್ತು ಅಂತ ಕೇಳ್ದೆ. ಆಮೇಲೆ ಅವರು ನಮ್ಮ ದಿನ ಬರ್ತಿರ್ಲಿಲ್ಲ, ಏನಾಯ್ತೋ.

ರಿನ್ಯೂವಲ್ ಬಗ್ಗೆ ಒಂದು ಮಾತು. ಒಂದು ವರ್ಷದ ಚಿಕಿತ್ಸೆ ಅಂದ್ರೆ ಎಲ್ಲೋ ಮಧ್ಯದಲ್ಲಿ ಪಾಲಿಸಿ ವರ್ಷ ಮುಗಿದೇ ಮುಗಿಯುತ್ತೆ. ನಮ್ಮದು 14 ಮತ್ತು 15ನೇ ಡೋಸ್ ಮಧ್ಯ ಮುಗೀತು. ಪ್ರೀಮಿಯಂ ತಿಂಗಳ ಮುಂಚೇನೇ ಕಟ್ಟಿದ್ವಿ, ಆದ್ರೂ ಹಳೇ ಅಪ್ರೂವಲ್ ನಂಬರ್ ಎಲ್ಲ ಸತ್ತೋಯ್ತು, ಹೊಸ ವರ್ಷಕ್ಕೆ ಹೊಸ ಫೈಲ್, ಬಯಾಪ್ಸಿಯಿಂದ ಶುರು. ಅಂದ್ರೆ ಅದೇ ಫಿಶ್, ಅದೇ ಎಡ ಬಲ. ಈ ಸಲ ಎಲ್ಲ ಒಂದೇ ಪಿಡಿಎಫ್ ಮಾಡಿ ಇಟ್ಕೊಂಡಿದ್ದೆ, ಮೊದಲ ಪುಟದಲ್ಲಿ ತಾರೀಖಿನ ಪ್ರಕಾರ ಏನೇನಾಯ್ತು ಅಂತ ಒಂದು ಪುಟದ ಟೈಮ್‌ಲೈನ್, ಒಂದೇ ದಿನದಲ್ಲಿ ಮುಗೀತು. ಹೊಸ ವರ್ಷ ಅಂದ್ರೆ ವಾರ್ಷಿಕ ಮಿತಿ ಮತ್ತೆ ಪೂರ್ತಿ ಸಿಗೋದು ಒಂದೇ ಲಾಭ.

ಆ್ಯಪ್ ಬಗ್ಗೆ ಹೆಚ್ಚು ಹೇಳೋಕಿಲ್ಲ. ಒಂದೊಂದು ಫೈಲಿಗೆ ಸೈಜ್ ಮಿತಿ ಎಷ್ಟು ಚಿಕ್ಕದು ಅಂದ್ರೆ ಡಿಸ್ಚಾರ್ಜ್ ಸಮರಿ ಸ್ಕ್ಯಾನ್ ಹೋಗೋದೇ ಇಲ್ಲ, ಕುಗ್ಗಿಸಿ ಕಳ್ಸಿದ್ರೆ ಅಕ್ಷರ ಓದಕ್ಕಾಗ್ತಿಲ್ಲ ಅಂತ ಕ್ವೆರಿ. ಸ್ಟೇಟಸ್ಸಲ್ಲಿ ಮೂರೇ ಪದ, ಸ್ವೀಕರಿಸಲಾಗಿದೆ, ಪರಿಶೀಲನೆಯಲ್ಲಿದೆ, ಮುಕ್ತಾಯ. ಮುಕ್ತಾಯ ಅಂದ್ರೆ ಕೊಟ್ರೋ ಬಿಟ್ರೋ ಗೊತ್ತಾಗ್ಬೇಕಾದ್ರೆ ಮತ್ತೆ ಫೋನ್ ಮಾಡ್ಬೇಕು. ಕಾಲ್ ಸೆಂಟರಿನವರು ಮರ್ಯಾದೆಯಿಂದ ಮಾತಾಡ್ತಾರೆ, ಆದ್ರೆ ಪ್ರತಿ ಸಲ ಹೊಸಬರು, ಪ್ರತಿ ಸಲ ಮೊದಲಿಂದ ಕಥೆ. ಇಮೇಲೇ ಬೆಸ್ಟ್, ಒಂದೇ ಇಮೇಲಿಗೆ ರಿಪ್ಲೈ ಮಾಡ್ತಾ ಎಲ್ಲಾನೂ ಮುಂದುವರಿಸಿ, ಫೋನ್ ಮಾಡಿದ್ರೂ ಆಮೇಲೆ "ಈಗ ತಾನೆ ಫೋನಲ್ಲಿ ಹೀಗೆ ಹೇಳಿದ್ರಿ" ಅಂತ ಒಂದು ಸಾಲು ಹಾಕ್ಬಿಡಿ. ಅಪೀಲಿನ ಹೊತ್ತಿಗೆ ನಮ್ಮ ಆಯುಧ ಅದೇ ಆಯ್ತು.

ಹಾಗಾದ್ರೆ ಇವರನ್ನ ಬೇರೆಯವರಿಗೆ ಹೇಳ್ತೀನಾ? ಹೇಳ್ತೀನಿ ಅನ್ಸುತ್ತೆ. ಒಟ್ಟು ಬಿಲ್ಲಲ್ಲಿ ದೊಡ್ಡ ಪಾಲು ಕೊಟ್ಟಿದಾರೆ, ಇನ್ಶೂರೆನ್ಸ್ ಇಲ್ದೇ ಹೋಗಿದ್ರೆ ಏಳನೇ ಡೋಸೇ ಕಷ್ಟ ಇತ್ತು. ಆದ್ರೆ ಪೇಷೆಂಟ್ ಒಬ್ಬಳೇ ಇದನ್ನ ಮಾಡೋಕಾಗಲ್ಲ. ಕೀಮೋ ತಗೊಂಡು ವಾಂತಿ ಮಾಡ್ಕೊಂಡು ಮಲಗಿರೋರು ಹದಿನೇಳು ಇಮೇಲ್ ಎಲ್ಲಿ ಬರೀತಾರೆ. ಮನೇಲಿ ಒಬ್ಬರು ಪೂರ್ತಿ ಈ ಕೆಲಸಕ್ಕೆ ನಿಲ್ಲಬೇಕು, ನಮ್ಮನೇಲಿ ಅದು ನಾನಾದೆ. ಅದಿಲ್ಲದವರು, ಮೊದಲ ತಿರಸ್ಕಾರದ ಪತ್ರಕ್ಕೇ ಸುಮ್ಮನಾಗೋರು ಎಷ್ಟು ಜನರೋ, ಆ ಕಾರಣಕ್ಕೇ ಎರಡು ಸ್ಟಾರ್ ಕಟ್ ಮಾಡಿದ್ದು.

18ನೇ ಡೋಸ್ ಹೋದ ತಿಂಗಳು ಮುಗೀತು. ಅಕ್ಕನ ಕೂದಲು ಈಗ ಗುಂಗುರಾಗಿ ಬಂದಿದೆ, ಮುಂಚೆ ನೇರವಾಗಿತ್ತು, ಅವಳಿಗೆ ಅದೇ ಒಂದು ಸಂಭ್ರಮ. ಲೆಟ್ರೊಜೋಲ್ ಅನ್ನೋ ಆ ಹಾರ್ಮೋನ್ ಮಾತ್ರೆ ದಿನಾ ಒಂದು, ಕೀಮೋ ಮುಗಿದಾಗಿಂದ ನಡೀತಿದೆ, ಇದೂ ಕಾಯಿಲೆ ವಾಪಸ್ ಬರದ ಹಾಗೆ ಕೊಡೋ ಚಿಕಿತ್ಸೇನೇ. ಮಾತ್ರೆ ಅಲ್ವಾ, ಕವರ್ ಇಲ್ಲ ಅಂದ್ರು, ಅದೇನು ಅಷ್ಟು ದುಬಾರಿ ಅಲ್ಲ, ಬಿಟ್ಬಿಡು ಅಂದ್ಲು ಅಕ್ಕ. ನಾನು ಬಿಡ್ಲಿಲ್ಲ, ಅಪೀಲ್ ಹಾಕಿದೀನಿ. ಇವತ್ತು ಬೆಳಗ್ಗೆ ಕ್ವೆರಿ ಬಂದಿದೆ, ದಯವಿಟ್ಟು ಬಯಾಪ್ಸಿ ರಿಪೋರ್ಟ್ ಲಗತ್ತಿಸಿ ಅಂತ. ಕಳಿಸಿದೆ.